ಪೇಟೆ ಏರಿದಾಗ ನಮ್ಮ ಹಣ ಎಷ್ಟು ಏರಿತು: ಒಂದು ಅಳತೆ ನಡೆದುಬಂದ ದಾರಿ

ಶಿರಸಿಯ ಅಡಿಕೆ ಪೇಟೆಯಲ್ಲಿ ಟೆಂಡರ್ ಮುಗಿದ ಮೇಲೆ ಬೆಳೆಗಾರರು ತಮ್ಮ ಲಾಟಿಗೆ ಬಿದ್ದ ದರದ ಜೊತೆಗೆ ಆ ದಿನದ ರಾಶಿ (ಬೇಯಿಸಿ ಒಣಗಿಸಿದ) ಅಡಿಕೆಯ ಕನಿಷ್ಠ, ಗರಿಷ್ಠ, ಸರಾಸರಿ ದರಗಳನ್ನೂ ನೋಡುತ್ತಾರೆ. ಹಿಂದಿನ ವಾರಕ್ಕಿಂತ ಕ್ವಿಂಟಲಿಗೆ ಸಾವಿರ ರೂಪಾಯಿ ಹೆಚ್ಚು ಸಿಕ್ಕಿರಬಹುದು; ಆದರೆ ಸರಾಸರಿ ದರವೇ ಎರಡು ಸಾವಿರ ಏರಿದ್ದರೆ ಪೇಟೆಯ ಏರಿಕೆಯಲ್ಲಿ ಅರ್ಧವಷ್ಟೇ ತಮ್ಮ ಪಾಲಿಗೆ ಬಂತೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಅಡಿಕೆಯ ಹಣವನ್ನು ಮ್ಯೂಚುವಲ್ ಫಂಡಿನಲ್ಲಿ ತೊಡಗಿಸುವಾಗ ಮಾತ್ರ ‘ಕಳೆದ ವರ್ಷ ಶೇ 20 ಬಂದಿದೆ’ ಎಂಬ ಒಂದೇ ಸಂಖ್ಯೆ ಸಾಕಾಗಿಬಿಡುತ್ತದೆ. ಆ ವರ್ಷ ಪೇಟೆ ಎಷ್ಟು ಏರಿತ್ತು, ಪೇಟೆ ಇಳಿದ ತಿಂಗಳುಗಳಲ್ಲಿ ಈ ಫಂಡು ಏನು ಮಾಡಿತು ಎಂಬ ಪ್ರಶ್ನೆಗಳು ಏಳುವುದೇ ಇಲ್ಲ. ಪೇಟೆಯ ಏರಿಕೆಯಲ್ಲಿ ಫಂಡು ಹಿಡಿದ ಪಾಲು ‘ಅಪ್‌ಸೈಡ್ ಕ್ಯಾಪ್ಚರ್’, ಇಳಿತದಲ್ಲಿ ಅದು ಹೊತ್ತ ಪಾಲು ‘ಡೌನ್‌ಸೈಡ್ ಕ್ಯಾಪ್ಚರ್’; ಈ ಪ್ರಶ್ನೆಗಳನ್ನು ಇಂಥ ಸರಿಯಾದ ಅಳತೆಗೆ ಒಳಪಡಿಸಲು ವಿದ್ವಾಂಸರಿಗೂ ಬಹಳ ಕಾಲ ಹಿಡಿಯಿತು.

ಏರುವ ಪೇಟೆಯ ಮೊದಲ ದೊಡ್ಡ ಪಾಠವನ್ನು ಉತ್ತರ ಕನ್ನಡದ ಕರಾವಳಿ ತೀರ ಹತ್ತಿರದಿಂದ ಕಂಡಿದೆ. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿಯ ಸರಬರಾಜು ನಿಂತುಹೋದಾಗ ಇಂಗ್ಲೆಂಡಿನ ಲಂಕಾಶೈರಿನ ಗಿರಣಿಗಳು ಭಾರತದ ಹತ್ತಿಯತ್ತ ತಿರುಗಿದವು. ಧಾರವಾಡ ಸೀಮೆಯ ಹತ್ತಿಗೆ ಕಾರವಾರವೇ ಬಂದರಾಗಬೇಕೆಂಬ ಒತ್ತಾಯದ ಹಿನ್ನೆಲೆಯಲ್ಲಿ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಹತ್ತಿಯಿಂದ ಹರಿದ ಹಣ ಮುಂಬಯಿಯಲ್ಲಿ ಷೇರುಗಳ ಹುಚ್ಚನ್ನು ಹೊತ್ತಿಸಿತು. ಸಮುದ್ರ ತುಂಬಿ ನೆಲ ಮಾಡುವ ಕಂಪನಿಗಳ ಷೇರುಗಳು ಹಲವು ಪಟ್ಟು ಏರಿದವು. 1865ರಲ್ಲಿ ಯುದ್ಧ ಮುಗಿದು ಹತ್ತಿಯ ಬೆಲೆ ಕುಸಿಯಿತು. ಅದೇ ವರ್ಷದ ಜುಲೈ 1ರಂದು ವಾಯಿದೆ (ಮುಂದಿನ ದಿನಕ್ಕೆ ಹಣ ಕೊಡುವ ಒಪ್ಪಂದದ) ವ್ಯವಹಾರಗಳ ಲೆಕ್ಕ ತೀರಿಸಬೇಕಾಗಿ ಬಂದಾಗ ಹಣ ಕೊಡುವವರೇ ಇರಲಿಲ್ಲ. ಎಲ್ಲವೂ ಏರುತ್ತಿದ್ದ ಆ ನಾಲ್ಕು ವರ್ಷಗಳಲ್ಲಿ ಯಾವ ಷೇರು ತನ್ನ ಬಲದಿಂದ ಏರಿತು, ಯಾವುದು ಪೇಟೆಯ ಅಲೆಯ ಮೇಲೆ ತೇಲಿತು ಎಂದು ಹೇಳಬಲ್ಲ ಸಾಧನ ಯಾರ ಬಳಿಯೂ ಇರಲಿಲ್ಲ. ಏಕೆಂದರೆ ಇಡೀ ಪೇಟೆಯನ್ನು ಒಂದು ಸಂಖ್ಯೆಯಲ್ಲಿ ಹಿಡಿದಿಡುವ ಸೂಚ್ಯಂಕವೇ ಆಗ ಇರಲಿಲ್ಲ.

ಅಂಥ ಸೂಚ್ಯಂಕಗಳು ಅಮೆರಿಕದಲ್ಲಿ 19ನೆಯ ಶತಮಾನದ ಕೊನೆಗೆ ಬಂದವು. ನಮ್ಮ ಸೆನ್ಸೆಕ್ಸ್ ಪ್ರಕಟವಾಗತೊಡಗಿದ್ದು 1986ರಲ್ಲಿ, ನಿಫ್ಟಿ 1996ರಲ್ಲಿ. ಈ ನಡುವೆ 1952ರಲ್ಲಿ ಹ್ಯಾರಿ ಮಾರ್ಕೊವಿಟ್ಜ್ ಹೂಡಿಕೆಯ ಅಪಾಯವನ್ನು ಗಳಿಕೆಯ ಏರಿಳಿತದಿಂದ ಅಳೆಯುವ ದಾರಿ ತೋರಿದರು. 1964ರಲ್ಲಿ ವಿಲಿಯಂ ಶಾರ್ಪ್ ಮಂಡಿಸಿದ ಸಿದ್ಧಾಂತದಿಂದ ಇಂದು ಎಲ್ಲರ ಬಾಯಲ್ಲಿರುವ ಬೀಟಾ ಬೆಳೆಯಿತು. ಪೇಟೆ ಶೇ 10 ಏರಿದಾಗ ಸರಾಸರಿಯಲ್ಲಿ ಶೇ 12 ಏರುವ ಹೂಡಿಕೆಯ ಬೀಟಾ 1.2. ಇಬ್ಬರಿಗೂ 1990ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಸಂದಿತು. ಆದರೆ ಬೀಟಾದಲ್ಲಿ ಒಂದು ದೊಡ್ಡ ಊಹೆ ಅಡಗಿದೆ: ಶೇ 10 ಏರಿದಾಗ 12 ಏರುವುದು, ಶೇ 10 ಇಳಿದಾಗಲೂ 12ರಷ್ಟೇ ಇಳಿಯುತ್ತದೆ. ಪೇಟೆಯ ಗಳಿಕೆಗೆ ಎದುರಾಗಿ ಹೂಡಿಕೆಯ ಗಳಿಕೆಯನ್ನು ನಕ್ಷೆಯಲ್ಲಿ ಗುರುತಿಸಿದರೆ ಏರಿಗೂ ಇಳಿತಕ್ಕೂ ಒಂದೇ ಓರೆಯ ಗೆರೆ. ಫಂಡಿನ ಜಾಣ ನಿರ್ವಾಹಕನೊಬ್ಬ ಏರುವಾಗ ಹೆಚ್ಚು ಷೇರು ಹಿಡಿದು, ಇಳಿಯುವ ಮುನ್ನ ಕಡಿಮೆ ಮಾಡಿದ್ದರೆ ಅವನ ಜಾಣತನ ಆ ಗೆರೆಯಲ್ಲಿ ಕಾಣುವುದೇ ಇಲ್ಲ.

ಈ ಕೊರತೆಯನ್ನು ಜ್ಯಾಕ್ ಟ್ರೇನರ್ ಮತ್ತು ಕೇ ಮಜೂಯ್ 1966ರಲ್ಲಿ ನೇರವಾಗಿ ಕೈಗೆತ್ತಿಕೊಂಡರು. ಪೇಟೆಯ ಚಲನೆಯನ್ನು ಮೊದಲೇ ಊಹಿಸಬಲ್ಲ ಫಂಡಿನ ಗೆರೆ ನೇರವಾಗಿರದೆ ಮೇಲ್ಮುಖವಾಗಿ ಬಾಗಿರಬೇಕು ಎಂಬುದು ಅವರ ತರ್ಕ. 57 ಫಂಡುಗಳನ್ನು ಪರೀಕ್ಷಿಸಿದಾಗ ಅಂಥ ಬಾಗು ಕಂಡದ್ದು ಒಂದರಲ್ಲಿ ಮಾತ್ರ. 1981ರಲ್ಲಿ ರಾಯ್ ಹೆನ್ರಿಕ್‌ಸನ್ ಮತ್ತು ರಾಬರ್ಟ್ ಮರ್ಟನ್ ಗೆರೆಯನ್ನು ಎರಡಾಗಿ ಮುರಿದು, ಏರುವ ಪೇಟೆಗೆ ಒಂದು ಬೀಟಾ, ಇಳಿಯುವ ಪೇಟೆಗೆ ಇನ್ನೊಂದು ಬೀಟಾ ಇಟ್ಟರು. ಈ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಈ ಮುರಿಯುವಿಕೆಯೇ. ಇಂದು ಫಂಡುಗಳ ವಿಶ್ಲೇಷಣೆಯಲ್ಲಿ ಕಾಣುವ ಅಪ್‌ಸೈಡ್ ಕ್ಯಾಪ್ಚರ್, ಡೌನ್‌ಸೈಡ್ ಕ್ಯಾಪ್ಚರ್ ಎಂಬ ಜೋಡಿ ಅಳತೆಗಳ ಹಿಂದಿರುವುದೂ ಇದೇ ವಿಚಾರ, ಆದರೆ ಲೆಕ್ಕ ಹೆಚ್ಚು ಸರಳ.

ನಾಲ್ಕು ತಿಂಗಳ ಒಂದು ಕಲ್ಪಿತ ಲೆಕ್ಕ ನೋಡೋಣ. ಸೂಚ್ಯಂಕ ಎರಡು ತಿಂಗಳು ಶೇ 5 ಮತ್ತು 3 ಏರಿತು, ಇನ್ನೆರಡು ತಿಂಗಳು ಶೇ 4 ಮತ್ತು 6 ಇಳಿಯಿತು. ಏರಿದ ತಿಂಗಳುಗಳನ್ನಷ್ಟೇ ಚಕ್ರಬಡ್ಡಿಯಂತೆ ಗುಣಿಸಿದರೆ ಶೇ 8.15. ಅದೇ ತಿಂಗಳುಗಳಲ್ಲಿ ಫಂಡು ಶೇ 4 ಮತ್ತು 3.2 ಏರಿದ್ದರೆ ಅದರ ಗಳಿಕೆ ಶೇ 7.33, ಎಂದರೆ ಪೇಟೆಯ ಏರಿಕೆಯಲ್ಲಿ ಅದು ಹಿಡಿದದ್ದು ಸುಮಾರು ಶೇ 90. ಇಳಿದ ತಿಂಗಳುಗಳಲ್ಲಿ ಸೂಚ್ಯಂಕ ಒಟ್ಟು ಶೇ 9.76 ಕಳೆದುಕೊಂಡಾಗ ಈ ಫಂಡು 2.5 ಮತ್ತು 4.5ರಷ್ಟು ಇಳಿದು ಶೇ 6.89 ಕಳೆದುಕೊಂಡಿತು, ಅದು ಪೇಟೆಯ ಇಳಿತದ ಸುಮಾರು ಶೇ 71. ಬರಿಯ ಏರಿಕೆ ನೋಡುವವರಿಗೆ ಈ ಫಂಡು ಹಿಂದುಳಿದಂತೆ ಕಾಣುತ್ತದೆ. ಆದರೆ ನಾಲ್ಕು ತಿಂಗಳ ಕೊನೆಗೆ ಸೂಚ್ಯಂಕದಲ್ಲಿದ್ದ ಒಂದು ಲಕ್ಷ 97,595 ರೂಪಾಯಿಗೆ ಇಳಿದಿದ್ದರೆ, ಫಂಡಿನಲ್ಲಿದ್ದದ್ದು 99,936 ರೂಪಾಯಿಯಾಗಿ ಉಳಿದಿರುತ್ತದೆ.

ಕಾರಣ ಶೇಕಡಾ ಲೆಕ್ಕದ ಸ್ವಭಾವದಲ್ಲಿದೆ. ಅರ್ಧ ಕಳೆದುಕೊಂಡ ಹಣ ಮೊದಲಿನಂತಾಗಲು ದುಪ್ಪಟ್ಟಾಗಬೇಕು. 2020ರ ಮಾರ್ಚಿನಲ್ಲಿ ನಿಫ್ಟಿ ಸುಮಾರು ಶೇ 23 ಕುಸಿದು ಏಪ್ರಿಲಿನಲ್ಲಿ ಸುಮಾರು ಶೇ 15 ಏರಿತು. ಏಪ್ರಿಲನ್ನು ಮಾತ್ರ ಕಂಡವರಿಗೆ ಅದು ಅಪೂರ್ವ ತಿಂಗಳು. ಫೆಬ್ರವರಿಯ ಕೊನೆಗೆ ನೂರು ರೂಪಾಯಿ ಇದ್ದವರ ಕೈಯಲ್ಲಿ ಏಪ್ರಿಲಿನ ಕೊನೆಗೂ ಉಳಿದದ್ದು 88 ರೂಪಾಯಿ.

ಅಳತೆಗೋಲು ತಪ್ಪಿದರೆ ಈ ಲೆಕ್ಕವೂ ತಪ್ಪು ಹೇಳುತ್ತದೆ. ಚಾಲಿ ಎಂಬ ಬೇರೆ ಬಗೆಯ ಅಡಿಕೆಯ ದರವನ್ನು ರಾಶಿಯ ಸರಾಸರಿಗೆ ಹೋಲಿಸುವುದು ಎಷ್ಟು ತಪ್ಪೋ, ಸಣ್ಣ ಕಂಪನಿಗಳ ಫಂಡನ್ನು ದೊಡ್ಡ ಕಂಪನಿಗಳ ನಿಫ್ಟಿಗೆ ಹೋಲಿಸುವುದೂ ಅಷ್ಟೇ ತಪ್ಪು. ಇನ್ನೊಂದು ತಪ್ಪು ನಮ್ಮಲ್ಲಿ ಬಹಳ ಕಾಲ ನಡೆದುಬಂತು: ಫಂಡಿನ ಗಳಿಕೆಯಲ್ಲಿ ಕಂಪನಿಗಳು ಹಂಚುವ ಲಾಭಾಂಶ, ಅಂದರೆ ಡಿವಿಡೆಂಡ್ ಸೇರಿರುತ್ತಿತ್ತು, ಹೋಲಿಸುವ ಸೂಚ್ಯಂಕದಲ್ಲಿ ಸೇರಿರುತ್ತಿರಲಿಲ್ಲ. ಹೀಗಾಗಿ ಫಂಡುಗಳು ಇದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತಿದ್ದವು. ಡಿವಿಡೆಂಡ್ ಸೇರಿಸಿದ ಒಟ್ಟು ಗಳಿಕೆಯ ಸೂಚ್ಯಂಕಕ್ಕೇ ಹೋಲಿಸಬೇಕೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಮಾಡಿದ ನಿಯಮ 2018ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಸಣ್ಣ ಹೂಡಿಕೆದಾರರ ಪಾಲಿಗೆ ಇದು ನಿಜಕ್ಕೂ ಬೆಲೆಯುಳ್ಳ ಸುಧಾರಣೆ.

ಅವಧಿಯೂ ಸಾಕಷ್ಟಿರಬೇಕು. ಒಂದು ವರ್ಷದಲ್ಲಿ ಪೇಟೆ ಇಳಿದ ತಿಂಗಳು ಮೂರೋ ನಾಲ್ಕೋ ಇದ್ದರೆ ಅಷ್ಟರಿಂದ ಫಂಡಿನ ಗುಣ ತೀರ್ಮಾನಿಸಲಾಗದು. ಮೂರು ವರ್ಷವಾದರೂ ಬೇಕು, ಐದಾದರೆ ಒಳ್ಳೆಯದು, ನಡುವೆ ನಿರ್ವಾಹಕರು ಬದಲಾಗಿದ್ದರೆ ಅದನ್ನೂ ಗಮನಿಸಬೇಕು. ಫಂಡುಗಳ ದಿನದಿನದ ಎನ್‌ಎವಿಯನ್ನು (ಒಂದು ಯೂನಿಟ್ಟಿನ ಮೌಲ್ಯವನ್ನು) ಅವುಗಳ ಒಕ್ಕೂಟವಾದ ಆಂಫಿಯ ಜಾಲತಾಣ ಎಲ್ಲರಿಗೂ ಉಚಿತವಾಗಿ ಒದಗಿಸುತ್ತದೆ. ತಿಂಗಳ ಕೊನೆಯ ಎನ್‌ಎವಿ ಒಂದು ಕಡೆ, ಸೂಚ್ಯಂಕ ಇನ್ನೊಂದು ಕಡೆ ಬರೆದುಕೊಂಡು, ಏರಿದ ತಿಂಗಳುಗಳನ್ನೂ ಇಳಿದ ತಿಂಗಳುಗಳನ್ನೂ ಬೇರೆ ಬೇರೆ ಪುಟಕ್ಕೆ ತೆಗೆದರೆ, ಅಡಿಕೆಯ ಪಟ್ಟಿ ಬರೆದಿಡುವ ಪುಸ್ತಕದಲ್ಲೇ ಈ ಲೆಕ್ಕವನ್ನೂ ಮಾಡಿಕೊಳ್ಳಬಹುದು.