ಕೃತಜ್ಞತೆಗೆ ವಾರಕ್ಕೊಂದು ದಿನ ಸಾಕು

ಸೀಗೆ ಹುಣ್ಣಿಮೆಯಂದು ಸಾಗರ, ಸೊರಬದ ಕಡೆ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಚರಗ, ಅಂದರೆ ಭೂಮಿಗೆ ಅರ್ಪಿಸುವ ಎಡೆ, ಬೀರುತ್ತಾರೆ. ಭತ್ತ ಹೊಡೆಯಾದ ಕಾಲ. ಬಸುರಿ ಭೂಮಿಗೆ ಬಯಕೆಯೂಟ. ಅದು ವರ್ಷಕ್ಕೊಂದೇ ದಿನ. ಅಲ್ಲಿಂದ ದೀಪಾವಳಿವರೆಗೆ ವಾಟ್ಸಾಪಿನಲ್ಲಿ ಬೇರೆಯದೇ ಚರಗ: ‘ದಿನಾ ಹತ್ತು ಧನ್ಯವಾದ ಬರೆಯಿರಿ, ವಿಶ್ವಶಕ್ತಿ ಹಣ ಕಳಿಸುತ್ತದೆ!’ ವಿಶ್ವಕ್ಕೆ ನಿಮ್ಮ ಬ್ಯಾಂಕ್ ಖಾತೆ ಗೊತ್ತಿಲ್ಲ. ಕೃತಜ್ಞತೆ ಕೆಲಸ ಮಾಡುವುದು ನಮ್ಮ ತಲೆಯೊಳಗೆ, ಅದೂ ಅಷ್ಟಿಷ್ಟು.

ಮನಃಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್, ಮೈಕೆಲ್ ಮೆಕಲೋ 2003ರಲ್ಲಿ ಪ್ರಕಟಿಸಿದ 10 ವಾರಗಳ ಪ್ರಯೋಗದಲ್ಲಿ ಒಂದು ಗುಂಪು ವಾರಕ್ಕೊಮ್ಮೆ ತನಗೆ ಒದಗಿದ ಒಳಿತನ್ನು ಬರೆಯಿತು, ಇನ್ನೊಂದು ಕಿರಿಕಿರಿಗಳನ್ನು. ಒಳಿತು ಬರೆದವರಿಗೆ ಬದುಕು ಹೆಚ್ಚು ಹಿತವೆನಿಸಿತು. ಸೋನ್ಯಾ ಲ್ಯುಬೊಮಿರ್ಸ್ಕಿ ತಂಡದ 6 ವಾರಗಳ ಪ್ರಯೋಗ ಇನ್ನೂ ಸ್ವಾರಸ್ಯದ್ದು: ವಾರಕ್ಕೊಮ್ಮೆ ಬರೆದವರ ಸಂತೋಷ ಏರಿತು, ವಾರಕ್ಕೆ ಮೂರು ಸಲ ಬರೆದವರದು ಏರಲೇ ಇಲ್ಲ.

ಕಾರಣ ಬಹುಶಃ ಒಗ್ಗಿಹೋಗುವುದು. ಆಗುಂಬೆಯ ಮಳೆ ಮೊದಲ ರಾತ್ರಿ ಹಂಚಿನ ಮೇಲೆ ಬಡಿದು ನಿದ್ದೆಗೆಡಿಸುತ್ತದೆ. ತಿಂಗಳಾದ ಮೇಲೆ ಎಚ್ಚರವಾಗುವುದು ಮಳೆ ನಿಂತಾಗ. ಅಡಿಕೆ ಬೇಯಿಸುವ ಒಲೆಯ ಮುಂದೆ ಕೂತವರಿಗೆ ಅಡಿಕೆ ಬೆಂದ ಚೊಗರುನೀರಿನ ವಾಸನೆಯೇ ಇಲ್ಲ, ಈಗಷ್ಟೇ ಬಸ್ಸಿಳಿದ ನೆಂಟರ ಮೂಗಿಗೆ ಅದೇ ರಾಚುತ್ತದೆ. ಕಾಲುಂಗುರ ನೆನಪಾಗುವುದು ಕಳೆದುಹೋದ ದಿನ. ಬದಲಾಗದ ಸುದ್ದಿಗೆ ನರಕೋಶಗಳು ಮಿಡಿತ ತಗ್ಗಿಸುತ್ತವೆ, ಇಲ್ಲವಾದರೆ ತೊಟ್ಟ ಅಂಗಿಯೇ ದಿನವಿಡೀ ತಲೆ ತಿನ್ನುತ್ತಿತ್ತು. ಭಾವನೆಗಳೂ ಹೀಗೇ ಒಗ್ಗುತ್ತವೆ. ‘ಮನೆ, ಮಕ್ಕಳು, ಆರೋಗ್ಯ’ ಎಂದು ದಿನಾ ಗೀಚಿದರೆ ಆ ಪಟ್ಟಿಯೇ ಹಂಚಿನ ಮಳೆ. ಚರಗವನ್ನೂ ದಿನಾ ಬೀರಿದ್ದರೆ ಅಂಗಳ ಗುಡಿಸಿದಷ್ಟೇ ಗಮನ ಅದಕ್ಕೆ ಸಿಗುತ್ತಿತ್ತು.

ಆದ್ದರಿಂದ ಹಬ್ಬದ ತಿಂಗಳಲ್ಲಿ ವಾರಕ್ಕೊಮ್ಮೆ, ಹತ್ತು ನಿಮಿಷ, ಮೂರೇ ಸಂಗತಿ. ಯಾರು, ಏನು, ಎಷ್ಟು ತ್ರಾಸು ತಗೊಂಡು ಮಾಡಿದರು ಎಂಬಷ್ಟು ವಿವರ ಇರಲಿ. ಹೋದ ವಾರದ್ದು ಮತ್ತೆ ಬೇಡ. ಏನೂ ಹೊಳೆಯದಿದ್ದರೆ ಉಲ್ಟಾ ಯೋಚಿಸಿ: ಇದು ಇಲ್ಲದೇ ಹೋಗಿದ್ದರೆ? ಮಿಂಕ್ಯುಂಗ್ ಕೂ ಮತ್ತು ಸಂಗಡಿಗರ 2008ರ ಅಧ್ಯಯನದಲ್ಲಿ, ಸಂಗಾತಿ ಹೇಗೆ ಸಿಕ್ಕರು ಎಂದು ಬರೆದವರಿಗಿಂತ ಸಿಗದೇ ಹೋಗಬಹುದಿತ್ತು ಎಂದು ಬರೆದವರೇ ಹೆಚ್ಚು ತೃಪ್ತರು. ಒಗ್ಗಿದ ಮನಸ್ಸಿಗೆ ಇದು ಮಳೆ ನಿಲ್ಲಿಸಿ ತೋರಿಸಿದ ಹಾಗೆ.

ಎದುರೇ ಧನ್ಯವಾದ ಹೇಳುವಾಗ ನಮ್ಮ ಲಾಭವನ್ನಷ್ಟೇ ಹೇಳಿ ಕೆಡಿಸುತ್ತೇವೆ. ಅಡಿಕೆ ಮರ ಹತ್ತಿ ಗೊನೆ ಇಳಿಸುವ ಕೊನೆಗಾರರಿಗೆ ‘ನಮ್ಮ ಕೊಯ್ಲು ಬೇಗ ಮುಗೀತು’ ಅನ್ನುವುದು ಬೇರೆ, ‘ಗಾಳಿಗೆ ಮರ ಅಷ್ಟು ತೂಗ್ತಿದ್ರೂ ಒಂದು ಕೊನೆನೂ ಚೆಲ್ಲದ ಹಾಗೆ ಇಳಿಸಿದ್ರಲ್ಲ ಮಾರಾಯ್ರೆ’ ಅನ್ನುವುದು ಬೇರೆ. ಹೀಗೆ ಕೊಟ್ಟವರ ಗುಣವನ್ನು ಎತ್ತಿ ಹೇಳುವ ಮಾತು ಹೆಚ್ಚು ನಾಟುತ್ತದೆಂದು ಸಾರಾ ಆಲ್ಗೋ ಅವರ ಸಂಶೋಧನೆ ತೋರಿಸಿದೆ. ಕೂಲಿ ಬಾಕಿ ಇಟ್ಟುಕೊಂಡು ಮಾತ್ರ ಇದನ್ನು ಹೇಳಲು ಹೋಗಬೇಡಿ.