ಶಾತವಾಹನರ ಕಾಲದ ಕಪ್ಪು-ಕೆಂಪು ಮಡಕೆ ಎಲ್ಲಿ ಸಿಗುತ್ತೆ?

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳು 2000 ವರ್ಷ ಹಿಂದಿನ ಒಂದು ಊರನ್ನು ಕಟ್ಟಿ, ಅಲ್ಲಿನವರ ಹಾಗೆ ವೇಷ ಹಾಕಿ ತೋರಿಸಬೇಕು ಅಂತಿದ್ದಾರೆ. ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಚಂದ್ರವಳ್ಳಿಯ ಉತ್ಖನನದಲ್ಲಿ ಸಿಕ್ಕಂಥ ಕಪ್ಪು-ಕೆಂಪು ಮಡಕೆ ಎಲ್ಲಿ ಕೊಳ್ಳಬಹುದು? ಸಿಗದಿದ್ದರೆ ಸಂತೆಯ ಮಡಕೆಗೆ ಅರ್ಧ ಕಪ್ಪು ಬಣ್ಣ ಬಳಿದರೆ ನಡೆಯುತ್ತಾ?

ಅಂಗಡಿಯಲ್ಲಿ ಕೇಳಿ ತರುವ ವಸ್ತು ಅಲ್ಲ ಅದು. ಕುಂಬಾರರ ಹತ್ತಿರ ಹೇಳಿ ಮಾಡಿಸಬೇಕು. ಬಣ್ಣ ಬಳಿದರೆ ನಡೆಯುವುದಿಲ್ಲ.

ಶಾಲಾ ಮೇಳಗಳ ಕಾಲ ಬಂತೆಂದರೆ ಈ ಬಣ್ಣದ ಮಾತು ಬಂದೇ ಬರುತ್ತದೆ. ಪ್ರತಿ ಸಲ ಇಲ್ಲ ಅಂದಿದ್ದೇನೆ. ಆದರೂ ಮೇಳಕ್ಕೆ ಹೋದರೆ ಕಪ್ಪು ಎನಾಮೆಲ್ ಬಳಿದು, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿರುವ ಮಡಕೆಗಳು ಸಾಲಾಗಿ ಕೂತಿರುತ್ತವೆ. ಹಾಗಾಗಿ ಈ ಸಲ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಹಳೇ ಕಾಲದ ಆ ಮಡಕೆಗಳ ಕಪ್ಪು ಬಳಿದ ಬಣ್ಣವಲ್ಲ, ಬೆಂಕಿಯ ಕೆಲಸ. ಜೇಡಿಮಣ್ಣಿನಲ್ಲಿ ಕಬ್ಬಿಣದ ಅಂಶ ಇರುತ್ತದೆ. ಸುಡುವಾಗ ಗಾಳಿ ಚೆನ್ನಾಗಿ ಆಡಿದರೆ ಅದು ಕೆಂಪಿಗೆ ತಿರುಗುತ್ತದೆ. ಗಾಳಿ ಕಟ್ಟಿ ಹೊಗೆ ತುಂಬಿದರೆ ಕೆಂಪು ಬರುವುದಿಲ್ಲ. ಹೊಗೆಯ ಮಸಿ ಮಣ್ಣಿನ ಸಣ್ಣ ಸಣ್ಣ ತೂತುಗಳೊಳಗೆ ಇಳಿದು ಅಲ್ಲೇ ಉಳಿಯುತ್ತದೆ. ಒಂದೇ ಮಡಕೆಯಲ್ಲಿ ಎರಡೂ ಬೇಕು ಅಂದರೆ ಮಡಕೆಯನ್ನು ಬೋರಲು ಹಾಕಬೇಕು. ಬಾಯಿಯ ಭಾಗ ಬೂದಿಯಲ್ಲೋ ಹೊಟ್ಟಿನಲ್ಲೋ ಹುದುಗಿರಬೇಕು. ಆಗ ಒಳಗೆ, ಬಾಯಂಚಿನ ಸುತ್ತ ಗಾಳಿ ಸೇರುವುದಿಲ್ಲ, ಅಲ್ಲಿ ಕಪ್ಪು. ಮೇಲೆದ್ದಿರುವ ತಳಕ್ಕೆ, ಹೊಟ್ಟೆಗೆ ಗಾಳಿ ಸಿಗುತ್ತದೆ, ಅಲ್ಲಿ ಕೆಂಪು. ಒಂದೇ ಸಲ ಸುಡುತ್ತಿದ್ದರೋ ಎರಡು ಸಲವೋ ಅನ್ನುವುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯ ಇದೆ. ಕಪ್ಪು ಬಂದಿದ್ದು ಗಾಳಿ ಕಟ್ಟಿದ್ದರಿಂದ ಅನ್ನುವುದರಲ್ಲಿ ಇಲ್ಲ.

ನಂಬಿಕೆ ಬರದಿದ್ದರೆ ಮ್ಯೂಸಿಯಂನಲ್ಲಿ ಒಡೆದ ಚೂರೊಂದರ ಅಂಚನ್ನು ಬಗ್ಗಿ ನೋಡಿ. ಕಪ್ಪು ಮೇಲಿನ ಪದರದಲ್ಲಿ ನಿಂತಿಲ್ಲ, ಮಣ್ಣಿನೊಳಕ್ಕೇ ಇಳಿದಿರುತ್ತದೆ. ಕಪ್ಪು ಮತ್ತು ಕೆಂಪು ಸೇರುವ ಜಾಗವನ್ನೂ ನೋಡಿ. ಅಲ್ಲಿ ಗೆರೆ ಇಲ್ಲ. ಕಪ್ಪು ನಿಧಾನವಾಗಿ ಕಂದಾಗಿ, ಆಮೇಲೆ ಕೆಂಪಾಗುತ್ತದೆ. ಒಂದು ಕಡೆ ಎರಡು ಬೆರಳು ಮೇಲೆ, ಇನ್ನೊಂದು ಕಡೆ ಕೆಳಗೆ. ಕುಂಚ ಹಿಡಿದವರ ಕೈಯಲ್ಲಿ ಇದು ಬರುವುದಿಲ್ಲ. ಹೀಗೆ ಕಪ್ಪಾದ ಚೂರನ್ನು ಗಾಳಿಯಾಡುವ ಆವಿಗೆಯಲ್ಲಿ, ಅಂದರೆ ಮಡಕೆ ಸುಡುವ ಗೂಡಿನಲ್ಲಿ, ಮತ್ತೆ ಸುಟ್ಟರೆ ಮಸಿ ಉರಿದುಹೋಗಿ ಕೆಂಪಾಗಿ ಹೊರಬರುತ್ತದೆ. (ಈ ಪರೀಕ್ಷೆಗೆ ನಿಮ್ಮ ಕುಂಬಾರರು ಮಾಡಿದ ಚೂರು ಬಳಸಿ, ದಯವಿಟ್ಟು ಹಳೇ ನೆಲೆಗಳಿಂದ ಆರಿಸಿ ತಂದದ್ದಲ್ಲ.)

ಇಷ್ಟು ಹೇಳಿದ ಮೇಲೂ ಒಬ್ಬರಲ್ಲ ಒಬ್ಬರು ಕೇಳುತ್ತಾರೆ: ‘ಮತ್ತೆ ಆ ಹೊಳಪು? ಅದಕ್ಕೆ ವಾರ್ನಿಷ್ ಬೇಕಲ್ವಾ?’ ಬೇಡ. ಮಡಕೆ ಅರ್ಧ ಒಣಗಿದಾಗ ನುಣುಪಾದ ಗುಂಡುಕಲ್ಲಿನಿಂದ ತಿಕ್ಕುತ್ತಾರೆ. ಮೇಲಿನ ಮಣ್ಣಿನ ಕಣಗಳು ಒತ್ತೊತ್ತಾಗಿ ಕೂತು ತಾವೇ ಹೊಳೆಯುತ್ತವೆ. ಬೆಂಕಿ ಅತಿಯಾದರೆ ಆ ಹೊಳಪು ಮಂಕಾಗುತ್ತದೆ. ಎಷ್ಟು ಕಾಯಿಸಿ ಎಲ್ಲಿ ನಿಲ್ಲಿಸಬೇಕು ಅನ್ನುವುದು 2000 ವರ್ಷ ಹಿಂದೆಯೇ ನಮ್ಮ ಕುಂಬಾರರಿಗೆ ಗೊತ್ತಿತ್ತು. ಅದರ ಮೇಲೆ ಎನಾಮೆಲ್ ಬಳಿದರೆ ಮಕ್ಕಳಿಗೆ ತೋರಿಸಬೇಕಾದ ಆ ಜಾಣ್ಮೆಯನ್ನೇ ಮುಚ್ಚಿದ ಹಾಗೆ. ನನಗೆ ಬೇಜಾರಾಗುವುದು ಅದಕ್ಕೇ.

ಇನ್ನು ಮಾಡಿಸುವುದು. ಬರೀ ಫೋಟೊ ತೋರಿಸಬೇಡಿ. ಫೋಟೊದಲ್ಲಿ ಮಡಕೆಯ ದಪ್ಪ ಕಾಣಿಸುವುದಿಲ್ಲ. ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಬ್ರಹ್ಮಗಿರಿ, ಚಂದ್ರವಳ್ಳಿ ಎರಡರಲ್ಲೂ ಉತ್ಖನನ ಮಾಡಿದರು. ಅದರ ವರದಿ ಪುರಾತತ್ತ್ವ ಇಲಾಖೆಯ ‘ಏನ್ಷಿಯೆಂಟ್ ಇಂಡಿಯಾ’ ಪತ್ರಿಕೆಯ 4ನೇ ಸಂಚಿಕೆಯಲ್ಲಿದೆ. ಅಲ್ಲಿ ಪುಟಗಟ್ಟಲೆ ಮಡಕೆಗಳ ಚಿತ್ರಗಳಿವೆ. ಒಂದು ಅರ್ಧದಲ್ಲಿ ಮಡಕೆಯನ್ನು ಸೀಳಿದ ಹಾಗೆ ಅದರ ದಪ್ಪ, ಇನ್ನೊಂದು ಅರ್ಧದಲ್ಲಿ ಹೊರನೋಟ. ಆ ಚಿತ್ರವನ್ನು ನಿಜವಾದ ಅಳತೆಗೆ ದೊಡ್ಡದು ಮಾಡಿ, ರಟ್ಟಿನಲ್ಲಿ ಕತ್ತರಿಸಿ ಕೊಂಡೊಯ್ಯಿರಿ. ಕುಂಬಾರರು ರಟ್ಟನ್ನು ಮಡಕೆಯ ಪಕ್ಕಕ್ಕೆ ಹಿಡಿದು ನೋಡಿ ಆಕಾರ ತಿದ್ದುತ್ತಾರೆ.

ನಿಮ್ಮೂರ ಹತ್ತಿರ ಇನ್ನೂ ಆವಿಗೆ ಹಾಕುವ ಕುಂಬಾರರಿದ್ದರೆ ಮೊದಲು ಅವರನ್ನೇ ಕೇಳಿ. ಹೊಗೆ ಕಟ್ಟಿಸಿ ಇಡೀ ಮಡಕೆಯನ್ನು ಕಪ್ಪು ಮಾಡುವುದು ಗೊತ್ತಿರುವವರು ಸಿಕ್ಕರೆ ಅರ್ಧ ಕೆಲಸ ಆದಂತೆಯೇ. ಬೆಂಗಳೂರಿನವರು ಪಾಟರಿ ಟೌನ್‌ನಲ್ಲಿ ವಿಚಾರಿಸಬಹುದು. ಬೆಳಗಾವಿ ಕಡೆಯವರಿಗೆ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇದೆ. ಮೊದಲ ಸಲಕ್ಕೇ ಎರಡು ಬಣ್ಣ ಸರಿಯಾಗಿ ಬರುವುದು ಕಷ್ಟ, ಕೆಲವು ಒಡೆಯುತ್ತವೆ ಕೂಡ. 10 ಬೇಕಿದ್ದರೆ 15 ಮಾಡಿಸಿ, ಎಲ್ಲದಕ್ಕೂ ದುಡ್ಡು ಕೊಡಿ. ಮಳೆಗಾಲದಲ್ಲಿ ಹೋಗಿ ಅವಸರ ಮಾಡಬೇಡಿ, ಮಡಕೆ ಒಣಗುವುದೇ ಇಲ್ಲ.

ಸಾಮಾನ್ಯ ಗಡಿಗೆಗಳಿಗೆ ತಳ ಗುಂಡಗಿರಲಿ. ನೆಲದ ಮೇಲೆ ಉರುಳುತ್ತವೆ ಅಂತ ಚಪ್ಪಟೆ ಮಾಡಿಸಬೇಡಿ. ಕೆಳಗೆ ಇಡಲು ಮಣ್ಣಿನದೇ ಬಳೆಯಂಥ ಸ್ಟ್ಯಾಂಡ್ ಮಾಡಿಸಿ. ಅಂಥವೂ ಉತ್ಖನನಗಳಲ್ಲಿ ಸಿಕ್ಕಿವೆ. ನಲ್ಲಿ ಕೂರಿಸಿದ ನೀರಿನ ಮಡಕೆಯಂತೂ ಬೇಡವೇ ಬೇಡ.

ನೀವು ಕೇಳದ ಇನ್ನೊಂದು ವಿಷಯ: ಮಡಕೆಯೊಳಗೆ ಏನು ತುಂಬುತ್ತೀರಿ? ಮಡಕೆಗೆ ಇಷ್ಟೆಲ್ಲ ಕಷ್ಟಪಟ್ಟು, ಪಕ್ಕದಲ್ಲಿ ಬ್ಯಾಡಗಿ ಮೆಣಸಿನಕಾಯಿ ರಾಶಿ ಹಾಕುತ್ತಾರೆ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ, ಇಲ್ಲಿಗೆ ಬಂದಿದ್ದು ಪೋರ್ಚುಗೀಸರು ಬಂದ ಮೇಲೆ. ಟೊಮೆಟೊ, ಆಲೂಗಡ್ಡೆ, ಶೇಂಗಾ, ಮುಸುಕಿನ ಜೋಳ ಕೂಡ ಅಮೆರಿಕದವೇ. ಖಾರಕ್ಕೆ ಕಾಳುಮೆಣಸು ಇಡಿ. ಇದೇ ಕಾಲದಲ್ಲಿ ಅದು ದಕ್ಷಿಣ ಭಾರತದಿಂದ ರೋಮ್‌ವರೆಗೂ ಹೋಗುತ್ತಿತ್ತು. ಕಾಳುಗಳಲ್ಲಿ ಹುರುಳಿ, ಹೆಸರು ಧೈರ್ಯವಾಗಿ ಇಡಬಹುದು. ಬಳ್ಳಾರಿಯ ಸಂಗನಕಲ್ಲಿನಂಥ, ಶಾತವಾಹನರಿಗಿಂತ ಎಷ್ಟೋ ಹಳೆಯ ನೆಲೆಗಳಲ್ಲೇ ಅವು ಸುಟ್ಟು ಕರಕಲಾದ ರೂಪದಲ್ಲಿ ಸಿಕ್ಕಿವೆ. ಕೊರಲೆ ಅನ್ನುವ ಸಿರಿಧಾನ್ಯವೂ ಸಿಕ್ಕಿದೆ. ತುಮಕೂರು, ಚಿತ್ರದುರ್ಗದ ಕಡೆ ಈಗಲೂ ಕೊರಲೆ ಬೆಳೆಯುತ್ತಾರೆ, ಎರಡು ಕೆಜಿ ತರಿಸಿದರೆ ನಿಮ್ಮ ಮಡಕೆಗಳಿಗೆ ಸಾಕು.