ಗದ್ದೆಯ ಮೀಥೇನ್ ಅಳೆಯಲು ಘಟ್ಟ ಹತ್ತಬೇಕು

ಮಂಗಳೂರಲ್ಲಿ ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲದ ಮಾತು ಬಂದರೆ ಜನ ಮೊದಲು ಕೇಳುವುದು ಪಚ್ಚನಾಡಿಯ ಕಸದ ರಾಶಿಯ ಬಗ್ಗೆ. ಕೇಳಲೇಬೇಕಾದದ್ದು. 2019ರ ಮಳೆಗಾಲದಲ್ಲಿ ಆ ರಾಶಿ ಜಾರಿ ಮಂದಾರದ ಮನೆ, ತೋಟಗಳನ್ನು ಮುಚ್ಚಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಗಾಳಿಯಾಡದ ಹಸಿ ಕಸದೊಳಗೆ ಮೀಥೇನ್ ಹುಟ್ಟುತ್ತದೆ. ಆದರೆ ಬೈಲು ಗದ್ದೆಯ ನಿಂತ ನೀರಿನಡಿ, ಕೆಸರಿನಲ್ಲೂ ಅದೇ ಕೆಲಸ ನಡೆಯುತ್ತದೆ. ದನ, ಎಮ್ಮೆಯ ತೇಗಿನಲ್ಲೂ ಬರುತ್ತದೆ. ಯಾವುದರ ಪಾಲು ಎಷ್ಟು ಎಂದು ತಿಳಿಯದೆ ಎಲ್ಲಿಂದ ತಗ್ಗಿಸುವುದು ಅಂತ ಹೇಗೆ ಹೇಳುವುದು?

ಸಾಮಾನ್ಯವಾಗಿ ಲೆಕ್ಕ ಹಾಕುವುದು ಕಾಗದದ ಮೇಲೆ. ಇಷ್ಟು ಎಕರೆ ಭತ್ತ, ಎಕರೆಗೆ ಇಷ್ಟು ಮೀಥೇನ್, ಗುಣಿಸಿದರೆ ಆಯ್ತು. ನಮ್ಮಲ್ಲಿ ತಗ್ಗಿನ ಬೈಲು, ನಡುವಿನ ಮಜಲು, ಎತ್ತರದ ಬೆಟ್ಟು ಅಂತ ಗದ್ದೆಯಲ್ಲೇ ಮೂರು ಬಗೆ. ಬೈಲಿನಲ್ಲಿ ವಾರಗಟ್ಟಲೆ ನೀರು ನಿಲ್ಲುತ್ತದೆ, ಬೆಟ್ಟು ಗದ್ದೆಯಲ್ಲಿ ಮಳೆ ಬಿಟ್ಟರೆ ಬೇಗ ಆರುತ್ತದೆ. ನೀರು ಆರಿದರೆ ಮಣ್ಣಿಗೆ ಗಾಳಿ ಸೇರಿ ಮೀಥೇನ್ ತಗ್ಗುತ್ತದೆ. ಎಲ್ಲೋ ಅಳೆದ ಒಂದೇ ಅಂಕಿಯನ್ನು ಈ ಮೂರಕ್ಕೂ ಹಚ್ಚಿದರೆ ಲೆಕ್ಕ ತಪ್ಪದೇ ಇರುತ್ತದಾ?

ಅದಕ್ಕೇ ಗಾಳಿಯನ್ನೇ ಕೇಳುವ ಇನ್ನೊಂದು ದಾರಿ ಇದೆ, ಇನ್ವರ್ಸ್ ಮಾಡೆಲಿಂಗ್. ಮಲ್ಪೆಯವರಿಗೆ ಒಣಮೀನಿನ ವಾಸನೆ ಬಂದರೆ ಗಾಳಿ ಬೀಸುವ ದಿಕ್ಕು ನೋಡಿ ಮೀನು ಎಲ್ಲಿ ಹರಡಿದೆ ಎಂದು ಹೇಳುತ್ತಾರಲ್ವಾ, ಇದೂ ಹಾಗೆಯೇ. ಒಂದು ಜಾಗದಲ್ಲಿ ಮೀಥೇನ್ ಅಳೆಯುತ್ತೇವೆ. ಆ ಗಾಳಿ ಹಿಂದಿನ ಕೆಲವು ದಿನ ಎಲ್ಲೆಲ್ಲಿ ಸುತ್ತಿ ಬಂತು ಎಂದು ಹವಾಮಾನದ ಮಾದರಿಯಲ್ಲಿ ಹಿಂದಕ್ಕೆ ಓಡಿಸಿ ನೋಡುತ್ತೇವೆ. ಕಾಗದದ ಲೆಕ್ಕ ನಿಜವಾಗಿದ್ದರೆ ಇಲ್ಲಿ ಎಷ್ಟು ಕಾಣಬೇಕಿತ್ತು, ಕಂಡದ್ದೆಷ್ಟು? ಆ ವ್ಯತ್ಯಾಸ ನೋಡಿಕೊಂಡು ಲೆಕ್ಕ ತಿದ್ದುತ್ತೇವೆ. ಎಷ್ಟು ತಿದ್ದಬೇಕು ಎನ್ನುವುದು ಯಾವುದರ ಮೇಲೆ ಎಷ್ಟು ನಂಬಿಕೆ ಎನ್ನುವುದಕ್ಕೆ ಬಿಟ್ಟದ್ದು.

ನಂಬಿಕೆ ಕೈಕೊಡುವುದು ಹೆಚ್ಚಾಗಿ ಗಾಳಿಯ ವಿಷಯದಲ್ಲಿ. ಒಂದು ಉದಾಹರಣೆ ಲೆಕ್ಕ ಮಾಡೋಣ. ಸಮುದ್ರದಿಂದ ಬಂದ ಗಾಳಿ ಗದ್ದೆ, ಊರು ದಾಟುವಷ್ಟರಲ್ಲಿ ಅದರ ಮೀಥೇನ್ 5 ಪಿಪಿಬಿ ಏರಿದೆ ಎನ್ನಿ. ಒಂದು ಪಿಪಿಬಿ ಅಂದರೆ ನೂರು ಕೋಟಿಯಲ್ಲಿ ಒಂದು ಪಾಲು. ಗಾಳಿಯ ವೇಗ ಸೆಕೆಂಡಿಗೆ 5 ಮೀಟರ್, ಅನಿಲ ನೆಲದಿಂದ 1 ಕಿಲೋಮೀಟರ್ ಎತ್ತರದವರೆಗೆ ಬೆರೆತಿದೆ. ಹಾಗಾದರೆ ಕರಾವಳಿಯ ಪ್ರತಿ ಕಿಲೋಮೀಟರ್ ಉದ್ದಕ್ಕೆ ದಿನಕ್ಕೆ ಸುಮಾರು 1.4 ಟನ್ ಮೀಥೇನ್ ಸೇರಿದೆ. ಬೆರೆತ ಎತ್ತರ ನಿಜಕ್ಕೂ ಒಂದೂವರೆ ಕಿಲೋಮೀಟರ್ ಇದ್ದರೆ ಉತ್ತರ 2.1 ಟನ್! ಉಪಕರಣ ತೋರಿಸಿದ್ದು ಅದೇ 5, ಗದ್ದೆಯೂ ಅದೇ. ರಾತ್ರಿ ಗಾಳಿ ನೆಲದ ಹತ್ತಿರವೇ ಉಳಿಯುವುದರಿಂದ ಈ ಎತ್ತರ ಅಂದಾಜಿಗೇ ಸಿಗುವುದಿಲ್ಲ. ಹಾಗಾಗಿ ಸಮತಟ್ಟಾದ ಜಾಗದಲ್ಲಿ ಅಳೆದದ್ದರಲ್ಲಿ ಮಧ್ಯಾಹ್ನದ ಅಂಕಿಗಳನ್ನೇ ಹೆಚ್ಚು ಬಳಸುತ್ತೇವೆ.

ನಮ್ಮ ಕರಾವಳಿಯ ನಿಜವಾದ ತೊಡಕು ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ. ಗದ್ದೆಯಲ್ಲಿ ನೀರು ತುಂಬಿರುವುದು ಮಳೆಗಾಲದಲ್ಲಿ, ಮೀಥೇನ್ ಜಾಸ್ತಿ ಏಳುವುದೂ ಆಗಲೇ. ಆಗ ಉಪಗ್ರಹಗಳಿಗೆ ಮೋಡ ಅಡ್ಡ. ಜಪಾನಿನ ಗೋಸ್ಯಾಟ್ 2009ರಿಂದ, ಯುರೋಪಿನ ಟ್ರೊಪೊಮಿ 2017ರಿಂದ ಮೇಲಿವೆ. ಎರಡೂ ನೆಲದಿಂದ ಮರಳುವ ಬಿಸಿಲನ್ನು ಓದುವಂಥವು, ಮೋಡ ಕವಿದರೆ ಓದಲಾಗದು. ಹೋಗಲಿ, ಪಣಂಬೂರಿನ ದಡದಲ್ಲಿ ಉಪಕರಣ ಇಟ್ಟರೆ? ಮುಂಗಾರಿನ ಗಾಳಿ ಸಮಭಾಜಕ ದಾಟಿ ಸಮುದ್ರದ ಮೇಲೇ ಬರುತ್ತದೆ. ಅದಕ್ಕೆ ನಮ್ಮ ಗದ್ದೆಯ ಸುದ್ದಿಯೇ ಗೊತ್ತಿರುವುದಿಲ್ಲ. ಗೋವಾದ ಕಾಬೊ ದ ರಾಮದಲ್ಲಿ 1993ರಿಂದ ಕೆಲವು ವರ್ಷ ಫ್ಲಾಸ್ಕಿನಲ್ಲಿ ಗಾಳಿ ಹಿಡಿದು ಅಳೆದಿದ್ದರು. ಮಳೆಗಾಲದಲ್ಲಿ ದಕ್ಷಿಣದ ಶುದ್ಧ ಗಾಳಿ, ಚಳಿಗಾಲದಲ್ಲಿ ದೇಶದ ಒಳಗಿಂದ ಬಂದ ಗಾಳಿ ಅಲ್ಲಿ ಚೆನ್ನಾಗಿ ಬೇರೆಬೇರೆಯಾಗಿ ಕಂಡಿತು.

ಹಾಗಂತ ದಡದ ಉಪಕರಣ ವ್ಯರ್ಥವಲ್ಲ. ಒಳಬರುವ ಗಾಳಿಯಲ್ಲಿ ಮೊದಲೇ ಎಷ್ಟಿತ್ತು ಎಂದು ಅದು ಹೇಳುತ್ತದೆ. ಗದ್ದೆ ದಾಟಿದ ಗಾಳಿ ಘಟ್ಟ ಏರುತ್ತದಲ್ಲ, ಇನ್ನೊಂದು ಉಪಕರಣ ಆಗುಂಬೆಯಂಥ ಕಡೆ ಇರಬೇಕು. ಎರಡರ ವ್ಯತ್ಯಾಸದಲ್ಲಿ ನಮ್ಮ ಕರಾವಳಿ ಪಟ್ಟಿ ಇದೆ. ಚಳಿಗಾಲದಲ್ಲಿ ಗಾಳಿ ತಿರುಗಿದಾಗ ಇವೆರಡರ ಪಾತ್ರವೂ ಅದಲುಬದಲು.

2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೇ ವಿಧಾನದಿಂದ ಇಡೀ ಭಾರತದ ಲೆಕ್ಕ ಹಾಕಿತು. 2010ರಿಂದ 2015ರವರೆಗೆ ವರ್ಷಕ್ಕೆ ಸುಮಾರು 2.2 ಕೋಟಿ ಟನ್, ದೇಶ ವಿಶ್ವಸಂಸ್ಥೆಗೆ ಕೊಟ್ಟ ಲೆಕ್ಕಕ್ಕೆ ಹತ್ತಿರ. ನನಗೆ ತುಂಬಾ ಖುಷಿ ಕೊಟ್ಟ ಫಲಿತಾಂಶ ಅದು. ಆದರೆ ದೇಶದ ಮೊತ್ತ ಸರಿಯಿದ್ದ ಮಾತ್ರಕ್ಕೆ ಉಡುಪಿಯ ಮೊತ್ತ ಸರಿ ಎನ್ನಲಾಗದು. ಜಿಲ್ಲೆಯ ಮಟ್ಟದ ಅಂಕಿ ಯಾರಾದರೂ ಕೊಟ್ಟರೆ, ಅದು ಎಷ್ಟರಿಂದ ಎಷ್ಟರವರೆಗೆ ಇರಬಹುದು ಅಂತ ಕೇಳಿ. ಆ ವ್ಯಾಪ್ತಿ ಕೊಡದ ಅಂಕಿಯನ್ನು ನಾನಂತೂ ನಂಬುವುದಿಲ್ಲ.

ಇಷ್ಟೆಲ್ಲ ಕಷ್ಟ ಯಾಕೆ ಅಂದರೆ, ಮೀಥೇನ್ ಗಾಳಿಯಲ್ಲಿ ಉಳಿಯುವುದು ಹತ್ತು ವರ್ಷದ ಆಸುಪಾಸು. 20 ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡಿನ ಸುಮಾರು 80 ಪಟ್ಟು ಬಿಸಿ ಏರಿಸುತ್ತದೆ. ಇಂದು ತಗ್ಗಿಸಿದರೆ ಇವತ್ತಿನ ಮಕ್ಕಳು ದೊಡ್ಡವರಾಗುವ ಹೊತ್ತಿಗೇ ಫಲ ಕಾಣುತ್ತದೆ. ಘಟ್ಟದ ಉಪಕರಣ ಮಾತ್ರ ಒಂದೇ ಮಳೆಗಾಲ ನಡೆದರೆ ಸಾಲದು. ಮುಂಗಾರು ಕೈಕೊಟ್ಟ ವರ್ಷ ಗದ್ದೆಯಲ್ಲಿ ನೀರೂ ಕಡಿಮೆ, ಮೀಥೇನೂ ಕಡಿಮೆ. ಅದನ್ನೇ ನೋಡಿ ನಾವು ತಗ್ಗಿಸಿದೆವು ಅಂದುಕೊಳ್ಳುವ ಹಾಗಾಗಬಾರದು.